ರೀಫ್ ಟ್ಯಾಂಕಿನ ನೀರು ಬೆಳ್ಳಗಾಗಿದೆಯೇ? ಮೇಡಂ ಅವರನ್ನು ಕೇಳಿ

ನಿರ್ವಾಹಕರು: ಮಂಗಳೂರು, ಉಡುಪಿಯ ಮನೆಗಳ ರೀಫ್ ಟ್ಯಾಂಕ್ (ಹವಳ, ಕಡಲ ಮೀನು ಸಾಕುವ ಉಪ್ಪುನೀರಿನ ತೊಟ್ಟಿ) ನೋಡಿಕೊಳ್ಳುವ ಮೇಡಂ ಈ ಸಂಜೆ ನಮ್ಮ ಗುಂಪಿನಲ್ಲಿದ್ದಾರೆ. ಟ್ಯಾಂಕ್ ಎಷ್ಟು ಲೀಟರಿನದು, ಎಷ್ಟು ಹಳೆಯದು, ಕೊನೆಗೆ ಏನು ಹಾಕಿದಿರಿ ಎಂದು ಬರೆಯಿರಿ.

ಕದ್ರಿ: ಹೊಸ ಟ್ಯಾಂಕ್. ನಿನ್ನೆ ಮರಳು ಹಾಕಿದೆ. ನೀರು ಹಾಲಿನಂತಿದೆ.

ಮೇಡಂ: ತೊಳೆಯದ ಮರಳಿನ ಪುಡಿ ಅದು. ಫಿಲ್ಟರಿನಲ್ಲಿ ಫ್ಲಾಸ್ (ಪುಡಿ ಹಿಡಿಯುವ ಹತ್ತಿಯಂಥ ನಾರು) ಇಡಿ, ಕೆಲವು ದಿನ ಕಾಯಿರಿ. ಮೀನು ಈಗಲೇ ತರಬೇಡಿ.

ಬಂಟ್ವಾಳ: ಯಾವ ಎಲ್‌ಇಡಿ ದೀಪ ಒಳ್ಳೆಯದು ಮೇಡಂ?

ಮಣಿಪಾಲ: ಮೇಡಂ, 200 ಲೀಟರ್, ಒಂದು ವರ್ಷದ ಟ್ಯಾಂಕ್. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಮೆದು ಹವಳಗಳು. ಬೆಳಗ್ಗಿನಿಂದ ನೀರು ಅಕ್ಕಿ ತೊಳೆದ ನೀರಿನಂತಾಗಿದೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ.

ಮೇಡಂ: ಮೊದಲು ಏರ್ ಪಂಪ್ ಹಾಕಿ ಬನ್ನಿ, ಆಮೇಲೆ ಓದಿ. ನೀರು ತಳ್ಳುವ ಪಂಪಿನ ಮುಖವನ್ನು ನೀರಿನ ಮೇಲ್ಮೈಗೆ ತಿರುಗಿಸಿ, ಅಲೆ ಏಳಬೇಕು. ಏನು ಹಾಕಿದಿರಿ?

ಮಣಿಪಾಲ: ಹಾಕಿದೆ ಮೇಡಂ. ನೈಟ್ರೇಟ್ (ಮೀನಿನ ಕೊಳೆಯಿಂದ ನೀರಿನಲ್ಲಿ ಸೇರುವ ಅಂಶ) ಹೆಚ್ಚಿತ್ತು. ಒಂದು ಫಾರ್ವರ್ಡ್ ಸಂದೇಶ ನೋಡಿ, ಅದು ಇಳಿಯಲೆಂದು ನಿನ್ನೆ ಎರಡು ದೊಡ್ಡ ಚಮಚ ಸಕ್ಕರೆ ಹಾಕಿದ್ದೆ.

ಮೇಡಂ: ಇದೇ ನನಗೆ ಭಯ. ಸಕ್ಕರೆ ಬ್ಯಾಕ್ಟೀರಿಯಾಗಳಿಗೆ ಊಟ. ಒಂದೇ ರಾತ್ರಿಯಲ್ಲಿ ಅವು ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ, ನೀರಿನ ಆಮ್ಲಜನಕವನ್ನೂ ಅವೇ ಉಸಿರಾಡುತ್ತವೆ. ದೀಪ ಆರಿದ ಮೇಲೆ ಹವಳ, ಪಾಚಿ ಎಲ್ಲವೂ ಆಮ್ಲಜನಕ ಎಳೆದುಕೊಳ್ಳುತ್ತವೆ. ಮಳೆಗಾಲದ ರಾತ್ರಿ ಕರೆಂಟ್ ಹೋದರೆ ಬೆಳಗಾಗುವಷ್ಟರಲ್ಲಿ ಒಂದೂ ಉಳಿಯಲಿಕ್ಕಿಲ್ಲ. ಬ್ಯಾಟರಿಯ ಏರ್ ಪಂಪನ್ನು ಇವತ್ತೇ ತಂದಿಡಿ.

ಒಂದು ಗಾಜಿನ ಲೋಟದಲ್ಲಿ ನೀರು ತೆಗೆದು, ಹಿಂದೆ ಕಪ್ಪು ಬಟ್ಟೆ ಹಿಡಿದು, ಬದಿಯಿಂದ ಟಾರ್ಚ್ ಬಿಡಿ. ಗಾಳಿಗುಳ್ಳೆಯಾದರೆ ಕೆಲವೇ ನಿಮಿಷಗಳಲ್ಲಿ ತಿಳಿಯಾಗುತ್ತದೆ. ಮರಳಿನ ಪುಡಿಯಾದರೆ ತಳಕ್ಕೆ ಇಳಿಯುತ್ತದೆ. ಬ್ಯಾಕ್ಟೀರಿಯಾ ಆದರೆ ಗಂಟೆಗಟ್ಟಲೆ ಹಾಗೇ ಮಸುಕಾಗಿ ನಿಂತಿರುತ್ತದೆ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಓಡುತ್ತಲೇ ಇರಲಿ, ಅದರ ಕಪ್ ತುಂಬಿದಂತೆ ಚೆಲ್ಲಿ. ಎರಡು ದಿನ ಆಹಾರ ಬೇಡ. 40 ಲೀಟರ್ ನೀರು ಬದಲಿಸಿ. ಹೊಸ ನೀರಿನ ಉಪ್ಪು ಮತ್ತು ಉಷ್ಣತೆ ಟ್ಯಾಂಕಿನಷ್ಟೇ ಇರಬೇಕು. ಕಲ್ಲುಗಳನ್ನು ಕದಲಿಸಬೇಡಿ. ಅಮೋನಿಯಾ ಮೀನಿಗೆ ವಿಷ, ಅಳೆದು ಬರೆಯಿರಿ.

ಬಿಜೈ: ಫಾರ್ವರ್ಡ್ ಬಂದಿದೆ: ಚಿಟಿಕೆ ಪಟಿಕ ಹಾಕಿದರೆ ಹತ್ತು ನಿಮಿಷದಲ್ಲಿ ನೀರು ಕನ್ನಡಿಯಂತಾಗುತ್ತದೆ.

ಮೇಡಂ: ಹಾಕಬೇಡಿ. ಪಟಿಕದಲ್ಲಿ ಅಲ್ಯೂಮಿನಿಯಂ ಇದೆ, ಮೆದು ಹವಳಗಳು ಮುದುಡುತ್ತವೆ, ಕ್ಷಾರಾಂಶವೂ ಇಳಿಯುತ್ತದೆ. ಅಲ್ಲಿ ಮೀನು ಉಸಿರಿಗೆ ಒದ್ದಾಡುತ್ತಿರುವಾಗ ಇಂಥದ್ದನ್ನು ಇಲ್ಲಿ ಹಂಚುತ್ತೀರಾ?

ಬಿಜೈ: ನಮ್ಮ ಬಾವಿಗೆ ಹಾಕುತ್ತೇವಲ್ಲ ಮೇಡಂ.

ಮೇಡಂ: ಬಾವಿಯಲ್ಲಿ ಹವಳ ಇದೆಯೇ?

ಸುರತ್ಕಲ್: ಉಪ್ಪು ಖರೀದಿಸುವುದು ಏಕೆ? ಪಣಂಬೂರಿನಲ್ಲಿ ಬೇಕಾದಷ್ಟು ಕಡಲ ನೀರಿದೆ. ಎರಡು ಕ್ಯಾನ್ ತಂದು ಬದಲಿಸಿ.

ಮಲ್ಪೆ: ಮಳೆಗಾಲದಲ್ಲೇ? ಹೊಳೆಗಳ ಕೆಂಪು ನೀರೆಲ್ಲ ಕಡಲಿಗೆ ಬರುವಾಗ ದಡದಲ್ಲಿ ಉಪ್ಪು ಎಷ್ಟಿರುತ್ತದೆ? ಬೇಸಗೆಯಲ್ಲಿ ದೋಣಿಯವರಿಗೆ ಹೇಳಿ ದೂರದ ನೀರು ತರಿಸುತ್ತಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಇಳಿಯುವುದಿಲ್ಲ.

ಸುರತ್ಕಲ್: ನಾಲ್ಕು ವರ್ಷದಿಂದ ತರುತ್ತಿದ್ದೇನೆ. ನನ್ನ ಮೀನು ಸತ್ತಿಲ್ಲ.

ಮಲ್ಪೆ: ನಿಮ್ಮಲ್ಲಿ ಹವಳ ಇಲ್ಲ ಎಂದು ನೀವೇ ಕಳೆದ ವಾರ ಬರೆದಿದ್ದಿರಿ.

ಸುರತ್ಕಲ್: ನಿಮ್ಮನ್ನು ಕೇಳಿದವರು ಯಾರು?

ಕಾಪು: ಕ್ಯಾಲ್ಸಿಯಂ ಮತ್ತು ಕ್ಷಾರದ ದ್ರಾವಣ ಹಾಕಿದ ಕೂಡಲೇ ಬೆಳ್ಳಗಾಗುತ್ತದೆ. ಪಂಪಿನ ಮೇಲೆ ಸುಣ್ಣದಂಥ ಪದರ.

ಮೇಡಂ: ಅದು ಸುಣ್ಣದ ಅಂಶವೇ, ಕ್ಯಾಲ್ಸಿಯಂ ಕಾರ್ಬೊನೇಟ್. ಎರಡನ್ನೂ ಒಟ್ಟಿಗೆ ಒಂದೇ ಕಡೆ ಸುರಿಯುತ್ತಿದ್ದೀರಿ. ಹೊತ್ತು ಬಿಟ್ಟು, ನೀರು ರಭಸವಾಗಿ ಹರಿಯುವಲ್ಲಿ ಸ್ವಲ್ಪ ಸ್ವಲ್ಪವೇ ಹಾಕಿ. ಮೆಗ್ನೀಸಿಯಂ 1300 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1300) ಆಸುಪಾಸಿನಲ್ಲಿದೆಯೇ ನೋಡಿ. ಪಂಪನ್ನು ಹೊರತೆಗೆದು ವಿನೆಗರಿನಲ್ಲಿ ನೆನೆಸಿ, ಪದರ ನೊರೆಯಾಗಿ ಕರಗುತ್ತದೆ.

ಉಳ್ಳಾಲ: ಹೊಸ ಟ್ಯಾಂಕ್, ಮರಳು ಹಾಕಿದೆ, ನೀರು ಬೆಳ್ಳಗೆ.

ಮೇಡಂ: ಕದ್ರಿಯವರಿಗೆ ಹೇಳಿದ್ದೇನೆ. ಮೇಲೆ ಓದಿ.

ಕುಂದಾಪುರ: ನೇತ್ರಾಣಿ ದ್ವೀಪದಿಂದ ಹವಳದ ಸಣ್ಣ ತುಂಡು ತರಬಹುದೇ?

ಮೇಡಂ: ಇಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಮತ್ತೆ ಕೇಳಬೇಡಿ.

ಬಂಟ್ವಾಳ: ದೀಪದ ಬಗ್ಗೆ ಕೇಳಿದ್ದೆ.

ಮಣಿಪಾಲ: ಕ್ಲೌನ್‌ಗಳು ಕೆಳಗೆ ಇಳಿದಿವೆ ಮೇಡಂ. ಲೋಟದ ನೀರು ಇನ್ನೂ ಹಾಗೇ ಮಸುಕು. ಅಮೋನಿಯಾ 0.25 ಪಿಪಿಎಂ. ಗೋಬಿ ಕಾಣುತ್ತಿಲ್ಲ.

ಮೇಡಂ: ಟಾರ್ಚ್ ಹಿಡಿದು ಕಲ್ಲುಗಳ ಸಂದಿಯಲ್ಲಿ, ಪಂಪಿನ ಹಿಂದೆ ಹುಡುಕಿ. ಸತ್ತಿದ್ದರೆ ಈಗಲೇ ತೆಗೆಯಬೇಕು, ಬಿಟ್ಟರೆ ಅಮೋನಿಯಾ ಇನ್ನೂ ಏರುತ್ತದೆ. ಸಿಕ್ಕ ಕೂಡಲೇ ನನಗೆ ಫೋನ್ ಮಾಡಿ, ಎಷ್ಟು ಹೊತ್ತಾದರೂ ಪರವಾಗಿಲ್ಲ.