ಪದ ಬೇಕಿದೆ: ಕಡಲ ಬಂಡೆಯ ಬಳಿ ನಿಂತು ಜೀವಿಗಳ ಬಗ್ಗೆ ಹೇಳುವವರಿಗೆ ಏನನ್ನೋಣ?

ಮಡಿಕೇರಿಯಿಂದ

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು. ಶುಕ್ರವಾರದೊಳಗೆ ಸಿಕ್ಕರೆ ದೊಡ್ಡ ಉಪಕಾರ.

ನನ್ನ ಅಣ್ಣನ ಮಗಳು ಅಮೆರಿಕದ ಆರೆಗನ್‌ನಲ್ಲಿದ್ದಾಳೆ. ಅಲ್ಲಿ ಕ್ಯಾನನ್ ಬೀಚ್ ಎಂಬ ಊರಿನ ಕಡಲಂಚಿನಲ್ಲಿ ಹೇಸ್ಟ್ಯಾಕ್ ರಾಕ್ ಅನ್ನುವ ಬಸಾಲ್ಟ್ ಬಂಡೆ ಇದೆ. ಸುಮಾರು 72 ಮೀಟರ್ ಎತ್ತರ. ನಮ್ಮ ಹುಲ್ಲಿನ ಬಣವೆಯ ಹಾಗೇ ಕಾಣುತ್ತದೆ, ಹೆಸರಿಗೂ ಅದೇ ಅರ್ಥ. ನೀರು ಇಳಿದಾಗ ಅದರ ಬುಡದವರೆಗೆ ನಡೆದು ಹೋಗಬಹುದು. ಬುಡದ ಹೊಂಡಗಳಲ್ಲಿ ಕಡಲ ಹೂ ಅನ್ನುವ ಪ್ರಾಣಿ, ನಕ್ಷತ್ರ ಮೀನು. ತುದಿಯ ಹುಲ್ಲುಮಣ್ಣಿನಲ್ಲಿ ಜುಟ್ಟಿನ ಪಫಿನ್ ಹಕ್ಕಿಗಳು ಬಿಲ ತೋಡಿ ಮರಿ ಮಾಡುತ್ತವೆ. ಏಪ್ರಿಲ್ ಹೊತ್ತಿಗೆ ಬಂದು ಬೇಸಿಗೆ ಮುಗಿಯುವಾಗ ಮತ್ತೆ ಕಡಲಿಗೆ ಹೋಗಿಬಿಡುತ್ತವೆ.

ಈ ಸೀಸನ್ನಿಗೆ ನಮ್ಮ ಹುಡುಗಿ ಅಲ್ಲಿ ಸ್ವಯಂಸೇವಕಿ. ದುರ್ಬೀನು ನಿಲ್ಲಿಸಿಕೊಂಡು ಬಂದವರಿಗೆ ಹಕ್ಕಿ ತೋರಿಸುತ್ತಾಳೆ, ಹೊಂಡದೊಳಗೆ ಏನಿದೆ ಅಂತ ಹೇಳುತ್ತಾಳೆ. ಆ ಕಡೆ ಕನ್ನಡದ ಕುಟುಂಬಗಳೂ ಬರುತ್ತವಂತೆ. ಅವರಿಗಾಗಿ ಎದೆಗೆ ಸಿಕ್ಕಿಸುವ ಒಂದು ಬ್ಯಾಡ್ಜ್, ಒಂದು ಪುಟದ ಕರಪತ್ರ ಕನ್ನಡದಲ್ಲಿ ಬೇಕು ಅಂತ ಕೇಳಿದ್ದಾಳೆ.

ಇಂಗ್ಲಿಷಿನಲ್ಲಿ ಆಕೆ 'ವೈಲ್ಡ್‌ಲೈಫ್ ಇಂಟರ್‌ಪ್ರಿಟರ್'. 'ವೈಲ್ಡ್‌ಲೈಫ್'ಗೆ 'ವನ್ಯಜೀವಿ' ಇದೆ. 'ಇಂಟರ್‌ಪ್ರಿಟರ್'ಗೆ ನಿಘಂಟು ತೆಗೆದರೆ 'ದುಭಾಷಿ' ಅನ್ನುತ್ತದೆ. ಅದು ಎರಡು ಭಾಷೆಗಳ ನಡುವೆ ನಿಂತವರಿಗೆ. 'ಮಾರ್ಗದರ್ಶಿ' ಅನ್ನೋಣವೆಂದರೆ ಆಕೆ ಯಾರನ್ನೂ ಎಲ್ಲಿಗೂ ಕರೆದೊಯ್ಯುವುದಿಲ್ಲ, ನಿಂತಲ್ಲೇ ನಿಲ್ಲುತ್ತಾಳೆ. 'ವಿವರಣೆಗಾರ್ತಿ' ಅಂದರೆ ನನಗೆ ರೇಡಿಯೋದ ಕ್ರಿಕೆಟ್ ವೀಕ್ಷಕ ವಿವರಣೆ ನೆನಪಾಗುತ್ತದೆ. ಏನು ಮಾಡಲಿ?

ಕುಶಾಲನಗರದಿಂದ

'ಗೈಡ್' ಅಂತ ಬರೆಯಿರಿ, ಮುಗೀತು. ನಾಗರಹೊಳೆ ಸಫಾರಿಯಲ್ಲಿ ಎಲ್ಲರೂ ಅದನ್ನೇ ಹೇಳುವುದು. ಹೊಸ ಪದ ಕಟ್ಟುವುದು ಸುಮ್ನೆ ಕಾಲಹರಣ.

ವಿರಾಜಪೇಟೆಯಿಂದ

ಎರಡನೇ ಪದಕ್ಕೆ ಆಮೇಲೆ ಬರೋಣ. ಮೊದಲನೆಯದೇ ತಪ್ಪು. 'ವನ್ಯ' ಬಂದದ್ದು 'ವನ'ದಿಂದ. ನಮ್ಮ ಆನೆ, ಕಾಟಿ ವನ್ಯಜೀವಿಗಳು, ಸರಿ. ಉಪ್ಪುನೀರಿನ ಬಂಡೆಗೆ ಅಂಟಿಕೊಂಡ ಜೀವಿಗೆ ಯಾವ ವನ? ಕಡಲಜೀವಿ ಅನ್ನಿ.

ಇನ್ನು 'ವಿವರಣೆಗಾರ', 'ವ್ಯಾಖ್ಯಾನಕಾರ' ಎರಡೂ ಬೇಡ. '-ಗಾರ' ಕೂಡ '-ಕಾರ'ದಿಂದ ಬಂದದ್ದೇ. ನಮ್ಮಲ್ಲಿ ಓದುಗ, ಕೇಳುಗ, ನೋಡುಗ ಇದ್ದಾರೆ. 'ತೋರುಗ' ಯಾಕಾಗಬಾರದು? ಕಡಲ ತೋರುಗರು. ಅಚ್ಚಗನ್ನಡ, ಚಿಕ್ಕದು, ಬ್ಯಾಡ್ಜಿನಲ್ಲಿ ಹಿಡಿಸುತ್ತದೆ.

ಸೋಮವಾರಪೇಟೆಯಿಂದ

ಮೇಲಿನವರು 'ವನ'ದ ಒಂದೇ ಅರ್ಥ ಹಿಡಿದುಕೊಂಡು ತೀರ್ಪು ಕೊಟ್ಟಿದ್ದಾರೆ. ವನ ಎಂದರೆ ನೀರು ಅಂತಲೂ ಇದೆ. ಅಮರಕೋಶದಲ್ಲಿ ನೀರಿನ ಹೆಸರುಗಳ ಸಾಲು ನೋಡಿ: ಜೀವನ, ಭುವನ, ವನ. ತಾವರೆ 'ವನಜ' ಆದದ್ದು ಹೇಗೆ? ಕಾಡಿನಲ್ಲಿ ಹುಟ್ಟಿತೆಂದಲ್ಲ. ಕಡಲನ್ನು ಹಳೆಯ ಕವಿಗಳು 'ವನಧಿ' ಅಂದದ್ದು ಹೇಗೆ? ಹಾಗಾಗಿ ಕಡಲಿನ ಪ್ರಾಣಿಯೂ ವನ್ಯಜೀವಿಯೇ, ಎರಡು ಪಟ್ಟು.

ಇಂಟರ್‌ಪ್ರಿಟರ್‌ಗೆ 'ವ್ಯಾಖ್ಯಾನಕಾರ'ವೇ ಸರಿ. ಗಮಕ ಕೇಳಿದವರಿಗೆ ಹೇಳಬೇಕಿಲ್ಲ. ಒಬ್ಬರು ಪದ್ಯ ವಾಚಿಸುತ್ತಾರೆ, ಪಕ್ಕದಲ್ಲಿ ಕೂತವರು ಅದನ್ನು ಬಿಡಿಸಿ ಹೇಳುತ್ತಾರೆ. ಇಲ್ಲಿ ವಾಚನ ಕಡಲಿನದು, ವ್ಯಾಖ್ಯಾನ ಹುಡುಗಿಯದು.

ವಿರಾಜಪೇಟೆಯಿಂದ

ಅಮರಕೋಶ ಕನ್ನಡ ನಿಘಂಟಲ್ಲ. 'ವನಕ್ಕೆ ಹೋಗಿ ಕುಡಿದು ಬಾ' ಅಂತ ಯಾರಾದರೂ ಹೇಳುತ್ತಾರಾ? ಆಡುವವರ ಬಾಯಲ್ಲಿ ಇಲ್ಲದ ಅರ್ಥವನ್ನು ಕರಪತ್ರಕ್ಕೆ ಎಳೆದು ತರಬೇಡಿ.

ಸೋಮವಾರಪೇಟೆಯಿಂದ

ಆಡುವವರ ಬಾಯಲ್ಲಿ 'ತೋರುಗ' ಇದೆಯಾ?

ಕುಶಾಲನಗರದಿಂದ

ಇದಕ್ಕೇ ನಾನು ಹೇಳಿದ್ದು. ಅಚ್ಚಗನ್ನಡ, ಸಂಸ್ಕೃತ ಅಂತ ನೀವಿಬ್ಬರು ಹೊಡೆದಾಡುವಾಗ ಮೇಡಂ ಬರೆದ 'ದುರ್ಬೀನು' ನೋಡಿದಿರಾ? ಪಾರ್ಸಿ. ಯಾರ ಕಣ್ಣಿಗೂ ಚುಚ್ಚಲಿಲ್ಲ. 'ಹಂಗಾಮು' ಪಾರ್ಸಿ. ಕಾಫಿ ಕುಯ್ಲಿನ ಹಂಗಾಮು ಅಂತ ನಾವೇ ಹೇಳುತ್ತೇವೆ. ನೂರು ವರ್ಷ ಬಾಯಲ್ಲಿ ಹೊರಳಿದರೆ ಯಾವ ಪದವೂ ಕನ್ನಡವೇ. 'ವಾಚರ್' ನೋಡಿ. ಅರಣ್ಯದ ವಾಚರುಗಳು, ವಾಚರಿಗೆ, ವಾಚರಿಂದ. ಎಲ್ಲ ವಿಭಕ್ತಿಯೂ ಹತ್ತಿದೆ. ಗೈಡ್‌ಗೂ ಹತ್ತಿದೆ.

ಮಡಿಕೇರಿಯಿಂದ

ಎಲ್ಲರಿಗೂ ಧನ್ಯವಾದ. ಜಗಳದಿಂದ ನನಗೆ ಲಾಭವೇ ಆಯಿತು. ಆದರೆ ಯಾವುದನ್ನೂ ಇದ್ದ ಹಾಗೆ ತೆಗೆದುಕೊಳ್ಳಲು ಆಗುತ್ತಿಲ್ಲ. ಕಾರಣ ಹೇಳುತ್ತೇನೆ.

'ಗೈಡ್' ಬೇಡ. ದುಬಾರೆಯಲ್ಲಿ ಹೊಳೆಯೊಳಗೆ ಆನೆಯ ಬೆನ್ನು ಉಜ್ಜುತ್ತಲೇ ಅದರ ಸಿಟ್ಟು, ಇಷ್ಟ ಎಲ್ಲ ಹೇಳುವ ಮಾವುತರನ್ನು, ಕಾವಾಡಿಗಳನ್ನು ನಾವು ಗೈಡ್ ಅನ್ನುತ್ತೇವಾ? ಇಲ್ಲ ಅಲ್ವಾ. ಆ ಕೆಲಸಕ್ಕೆ ಬೇರೆ ಪದ ಇದೆ ಅಂತ ನಮಗೆ ಒಳಗೊಳಗೆ ಗೊತ್ತಿದೆ.

'ತೋರುಗ' ನನಗೆ ಇಷ್ಟವಾಯಿತು. ಆದರೆ 'ತೋರು' ಎಂದರೆ ಕಾಣಿಸಿಕೊಳ್ಳು ಅಂತಲೂ ಆಗುತ್ತದೆ. ಮೊದಲ ಸಲ ಓದುವವರಿಗೆ ತೋರುಗ ಎಂದರೆ ಹಕ್ಕಿಯೋ ಹುಡುಗಿಯೋ ತಿಳಿಯುವುದಿಲ್ಲ. ಇನ್ನೊಬ್ಬರು ನನಗೊಬ್ಬಳಿಗೇ ಬರೆದು 'ತಿಳಿಹೇಳುವವರು' ಅನ್ನಿ ಎಂದರು. ಬೇಡ. ತಪ್ಪು ಮಾಡಿದ ಹುಡುಗನನ್ನು ಕೂರಿಸಿಕೊಂಡು ಮಾಡುವುದು ತಿಳಿಹೇಳುವ ಕೆಲಸ.

ಗಮಕದ ಮಾತು ಮಾತ್ರ ಮನಸ್ಸಿಗೆ ಹತ್ತಿತು. ಇಂಟರ್‌ಪ್ರಿಟೇಶನ್ ಅನ್ನುವುದಕ್ಕೆ ಈ ಅರ್ಥ ಬೆಳೆದದ್ದು ಅಮೆರಿಕದ ನ್ಯಾಷನಲ್ ಪಾರ್ಕ್‌ಗಳಲ್ಲಿ. 1957ರಲ್ಲಿ ಫ್ರೀಮನ್ ಟಿಲ್ಡನ್ ಎಂಬ ಲೇಖಕರು ಅದರ ತತ್ವಗಳನ್ನು ಬರೆದಿಟ್ಟರು. ಅದರಲ್ಲಿ ಒಂದು: ಇದು ಪಾಠ ಒಪ್ಪಿಸುವುದಲ್ಲ, ಕೇಳುವವರ ಮನಸ್ಸನ್ನು ಕೆಣಕುವುದು. ಒಳ್ಳೆಯ ವ್ಯಾಖ್ಯಾನಕಾರರು ಗಮಕದಲ್ಲಿ ಮಾಡುವುದೂ ಅದನ್ನೇ. ಮುಂದಿನ ಪದ್ಯಕ್ಕೆ ನಮ್ಮ ಕಿವಿ ತಾನಾಗಿ ನೆಟ್ಟಗಾಗುತ್ತದೆ. ಅರ್ಥಕ್ಕೆ ಇದಕ್ಕಿಂತ ಹತ್ತಿರದ ಪದ ನಮ್ಮಲ್ಲಿ ಇಲ್ಲ. ಆದರೆ ಅಲ್ಲೇ ಹುಟ್ಟಿ ಬೆಳೆದ ಎಂಟು ವರ್ಷದ ಮಗುವಿಗೆ 'ವ್ಯಾಖ್ಯಾನಕಾರ್ತಿ' ಓದಲು ಬರುವುದಿಲ್ಲ. ಬ್ಯಾಡ್ಜ್ ಇರುವುದು ಆ ಮಗು ಹತ್ತಿರ ಬರಲಿ ಅಂತ.

ಕೊನೆಗೆ ಆಳಿನ ಹೆಸರನ್ನೇ ಬಿಟ್ಟೆ. ಕೆಲಸದ ಹೆಸರು ಬರೆದೆ. ಮೇಲೆ ದಪ್ಪ ಅಕ್ಷರದಲ್ಲಿ 'ಕಡಲಜೀವಿ ಪರಿಚಯ', ಕೆಳಗೆ 'ಸ್ವಯಂಸೇವಕಿ'. ಋತುವಿನ ಮಾತು ಸೇರಿಸಲಿಲ್ಲ. 'ಹಂಗಾಮಿ ಸ್ವಯಂಸೇವಕಿ' ಅಂದರೆ ಖಾಯಂ ಆಗದ ನೌಕರರ ಹಾಗೆ ಕೇಳುತ್ತದೆ.

ವಿರಾಜಪೇಟೆಯಿಂದ

ಪರಿಚಯವೂ ಸಂಸ್ಕೃತ. ಸ್ವಯಂಸೇವಕಿಯೂ ಸಂಸ್ಕೃತ. ಕಡಲು ಒಂದೇ ಉಳಿಯಿತು.

ಮಡಿಕೇರಿಯಿಂದ

ಕಡಲು ಉಳಿದದ್ದು ನಿಮ್ಮಿಂದ ಸರ್. ಅದಕ್ಕೆ ನಾನು ಋಣಿ.

ಬ್ಯಾಡ್ಜ್ ಹೋಯಿತು, ಕರಪತ್ರ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಒಂದು ನಿಯಮ ಮುಖ್ಯ: ಬಂಡೆಯ ಮೇಲೆ ಬಾರ್ನಕಲ್ ಎಂಬ ಚಿಪ್ಪಿನ ಪ್ರಾಣಿ ಬೆಳೆದಿರುವ ಗೆರೆಗಿಂತ ಮೇಲೆ ಯಾರೂ ಹತ್ತುವಂತಿಲ್ಲ. ಮೇಲಿನದು ಹಕ್ಕಿಗಳಿಗೆ ಮೀಸಲು. ಕೆಳಗೂ ಬಾರ್ನಕಲ್ ತುಳಿಯಬಾರದು, ಅವೂ ಜೀವ ಇರುವಂಥವು. 'ಕಪ್ಪೆಚಿಪ್ಪು' ಅಂತ ಬರೆಯಲು ಹೋಗಿ ಕೈ ತಡೆದೆ. ಹೊರಗೆ ಚಿಪ್ಪಿದ್ದರೂ ಅದು ಏಡಿ, ಸಿಗಡಿಯ ನೆಂಟ. ಸದ್ಯಕ್ಕೆ 'ಬಂಡೆಗೆ ಅಂಟಿಕೊಂಡ ಬಿಳಿ ಮೊಗ್ಗಿನಂಥ ಜೀವಿಗಳ ಸಾಲು' ಅಂತ ಉದ್ದಕ್ಕೆ ಬರೆದಿದ್ದೇನೆ.

ದೋಣಿಯ ತಳಕ್ಕೂ ಅದು ಕಚ್ಚಿಕೊಳ್ಳುತ್ತದೆ, ಕೆರೆದು ತೆಗೆಯಬೇಕು. ಅಂದಮೇಲೆ ಮಲ್ಪೆ, ಕಾರವಾರದ ಮೀನುಗಾರರ ಬಾಯಲ್ಲಿ ಅದಕ್ಕೊಂದು ಹೆಸರು ಇದ್ದೇ ಇರಬೇಕು. ಕರಾವಳಿಯಲ್ಲಿ ನೆಂಟರಿರುವವರು ಒಂದು ಫೋನ್ ಮಾಡಿ ಕೇಳಿ ಹೇಳಿ. ಕಟ್ಟಿದ ಪದ ಬೇಡ. ಅವರು ಆಡುವ ಪದವೇ ಬೇಕು.