ಹಳೇ 407ರ ಡ್ರಾಪ್ ಆರ್ಮ್ ಜಪ್ಪಯ್ಯ ಅಂದ್ರೂ ಬರ್ತಿಲ್ಲ

ಪ್ರಶ್ನೆ (ಗಾಡಿ ಮಾಲೀಕ, ಚಳ್ಳಕೆರೆ): ಅಣ್ಣಾ, ನಮಸ್ಕಾರ. ನಮ್ಮದು ಹಳೇ ಟಾಟಾ 407, ಪವರ್ ಸ್ಟೇರಿಂಗ್ ಇಲ್ಲ. ಸ್ಟೇರಿಂಗ್ ಬಾಕ್ಸ್‌ನಲ್ಲಿ ಡ್ರಾಪ್ ಆರ್ಮ್ (ಸ್ಟೇರಿಂಗ್ ತಿರುವನ್ನು ಚಕ್ರದ ಕಡೆಗೆ ದಾಟಿಸುವ ತೋಳು) ಹತ್ತಿರ ಆಯಿಲ್ ಸೋರುತ್ತಿದೆ. ಸೀಲ್ ಹಾಕೋಣ ಅಂತ ನಟ್ ಬಿಚ್ಚಿದೆವು, ಆರ್ಮ್ ಅಲ್ಲಾಡುತ್ತಿಲ್ಲ. ಎರಡು ಕಾಲಿನ ಪುಲ್ಲರ್ (ಕಚ್ಚಿಕೊಂಡ ಸಾಮಾನನ್ನು ಎಳೆದು ಬಿಡಿಸುವ ಸಲಕರಣೆ) ಹಾಕಿದರೆ ಕಾಲು ಅಗಲವಾಗಿ ಜಾರಿಹೋಗುತ್ತದೆ. ಪಕ್ಕದ ಗ್ಯಾರೇಜಿನವರು ಗ್ಯಾಸ್ ಹಿಡಿದು ಕೆಂಪಗೆ ಕಾಯಿಸಿ ಹೊಡೀರಿ ಅಂತಾರೆ. ಸೀಲ್ ಹೇಗೂ ಹೊಸದು ಹಾಕ್ತೀವಿ, ಸುಟ್ಟರೂ ನಷ್ಟ ಇಲ್ಲ ಅಲ್ವಾ?

ಉತ್ತರ (ಲಾರಿ ಮೆಕ್ಯಾನಿಕ್): ಸೀಲ್ ಸುಟ್ಟರೆ ಸುಡಲಿ ಬಿಡಿ. ನನ್ನ ಭಯ ಆರ್ಮಿನದು. ಅದು ಫೋರ್ಜ್ ಮಾಡಿ, ಹದ ಕೊಟ್ಟು ಗಟ್ಟಿ ಮಾಡಿದ ಉಕ್ಕು. ಕೆಂಪಗೆ ಕಾಯಿಸಿದರೆ ಆ ಹದ ಹೋಯಿತು. ನೋಡೋಕೆ ಮೊದಲಿನ ಹಾಗೇ ಇರುತ್ತದೆ, ಆದರೆ ಲೋಡ್ ಗಾಡಿ ಹಳ್ಳಕ್ಕೆ ಬಿದ್ದಾಗ ಬಗ್ಗಬಹುದು, ಮುರಿಯಲೂಬಹುದು. ಅದು ಮುರಿದರೆ ಸ್ಟೇರಿಂಗ್ ಸುಮ್ನೆ ತಿರುಗುತ್ತಿರುತ್ತದೆ, ಚಕ್ರ ತನ್ನ ಪಾಡಿಗೆ ಹೋಗುತ್ತದೆ. ಆರ್ಮ್ ಕೂರುವ, ಬಾಕ್ಸಿನಿಂದ ಹೊರಗೆ ಬರುವ ಸೆಕ್ಟರ್ ಶಾಫ್ಟ್ ಕೂಡ ಹದ ಕೊಟ್ಟದ್ದೇ. ಉಕ್ಕಿನ ಮೇಲೆ ನೀಲಿ ಬಣ್ಣ ಬಂತು ಅಂದರೆ ಅಲ್ಲಿ ಆಗಲೇ 300 ಡಿಗ್ರಿ ಹತ್ತಿರ ಶಾಖ ಆಗಿದೆ. ಅದಕ್ಕೇ ಸ್ಟೇರಿಂಗ್ ಸಾಮಾನಿಗೆ ಗ್ಯಾಸ್ ಬೇಡ.

ಅದು ಯಾಕೆ ಹೀಗೆ ಕಚ್ಚಿಕೊಳ್ಳುತ್ತದೆ ಅಂದರೆ, ಶಾಫ್ಟ್‌ನ ಹಲ್ಲು ಟೇಪರ್‌ನಲ್ಲಿ, ಅಂದರೆ ತುದಿಗೆ ಹೋದಂತೆ ಸಣ್ಣಗಾಗುವ ಆಕಾರದಲ್ಲಿ ಇರುತ್ತದೆ. ನಟ್ ಬಿಗಿ ಮಾಡಿದಷ್ಟೂ ಆರ್ಮ್ ಒಳಗೆ ಕಚ್ಚುತ್ತಾ ಹೋಗುತ್ತದೆ. ಮೇಲೆ ವರ್ಷಗಟ್ಟಲೆ ಕೆಸರು, ನೀರು, ತುಕ್ಕು. ಎಳೆದರೆ ಸಾಲದು, ಎಳೆದು ಹಿಡಿದುಕೊಂಡೇ ಅದಕ್ಕೆ ಏಟು ಬೀಳಬೇಕು.

ಮೊದಲು ಚಕ್ರ ನೇರ ಮಾಡಿ, ಚಕ್ರಕ್ಕೆ ಕಲ್ಲು ಕೊಡಿ. ಶಾಫ್ಟ್ ತುದಿಗೂ ಆರ್ಮಿಗೂ ಎದುರುಬದುರು ಪಂಚ್‌ನಲ್ಲಿ ಒಂದೊಂದು ಗುರುತು ಹೊಡೆಯಿರಿ. ಆಮೇಲೆ ಆರ್ಮಿನಿಂದ ಚಕ್ರದ ಕಡೆಗೆ ಹೋಗುವ ಸರಳು, ಡ್ರ್ಯಾಗ್ ಲಿಂಕ್, ಬಿಡಿಸಿ. ವೈರ್ ಬ್ರಷ್‌ನಲ್ಲಿ ಉಜ್ಜಿ, ಜಂಗು ಬಿಡಿಸುವ ಆಯಿಲ್ ಬಿಟ್ಟು ರಾತ್ರಿಯಿಡೀ ನೆನೆಯೋಕೆ ಬಿಡಿ.

ಈ ಕೆಲಸಕ್ಕೆ ಎರಡು ಕಾಲಿನ ಸಣ್ಣ ಪುಲ್ಲರ್ ಆಗೋದಿಲ್ಲ. ಆರ್ಮಿನ ಹಿಂದಿನಿಂದ ಪೂರ್ತಿ ಅಪ್ಪಿ ಹಿಡಿಯುವ, ಇಕ್ಕಳದ ಬಾಯಿ ಹಾಗಿರುವ ದಪ್ಪ ಡ್ರಾಪ್ ಆರ್ಮ್ ಪುಲ್ಲರ್ ಬೇಕು. ಕೊಳ್ಳಬೇಕಿಲ್ಲ, ದೊಡ್ಡ ಗ್ಯಾರೇಜಿನಲ್ಲಿ ಕೇಳಿ ತನ್ನಿ. ನಟ್ಟನ್ನು ಪೂರ್ತಿ ತೆಗೆಯಬೇಡಿ. ನಾಲ್ಕು ಸುತ್ತು ಸಡಿಲ ಮಾಡಿ ಅಲ್ಲೇ ಬಿಡಿ. ಆರ್ಮ್ ಬಿಟ್ಟಾಗ ಗುಂಡು ಹೊಡೆದ ಸದ್ದು ಬರುತ್ತದೆ, ನಟ್ ಇಲ್ಲದಿದ್ದರೆ ಪುಲ್ಲರ್ ಸಮೇತ ಹಾರಿ ಬರುತ್ತದೆ. ಎದುರಿಗೆ ಯಾರೂ ಕೂರಬಾರದು.

ಪುಲ್ಲರ್ ಬಿಗಿ ಮಾಡಿ. ಇನ್ನು ತಿರುಗೋದಿಲ್ಲ ಅನ್ನಿಸಿದಾಗ ಪಾನಾಗೆ ಪೈಪ್ ಹಾಕಿ ಒತ್ತಬೇಡಿ, ನಿಲ್ಲಿಸಿ. ಆರ್ಮಿನ ಕಣ್ಣಿನ (ಶಾಫ್ಟ್ ತೂರುವ ತೂತಿನ ಭಾಗ) ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಲ್ಲಿ ಜೋರಾಗಿ ಹೊಡೆಯಿರಿ. ಆ ಏಟಿಗೆ ಕಣ್ಣು ಕೂದಲೆಳೆಯಷ್ಟು ಅಂಡಾಕಾರ ಆಗಿ ಹಿಡಿತ ಬಿಡುತ್ತದೆ. ಬರಲಿಲ್ಲವಾ? ಪುಲ್ಲರ್ ಸ್ಕ್ರೂ ಇನ್ನೂ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಹೊಡೆಯಿರಿ. ಸಂಜೆಯವರೆಗೂ ಬರದಿದ್ದರೆ ಬಿಗಿಯಲ್ಲೇ ಬಿಟ್ಟು ಮನೆಗೆ ಹೋಗಿ. ಎಷ್ಟೋ ಸಲ ಬೆಳಿಗ್ಗೆ ಬರುವಷ್ಟರಲ್ಲಿ ತಾನೇ ಬಿಟ್ಟಿರುತ್ತದೆ.

ಪ್ರತಿಕ್ರಿಯೆ (ಡ್ರೈವರ್, ಹುಬ್ಬಳ್ಳಿ): ಉಸ್ತಾದ್, ನಮ್ಮ ಕಡೆ ಶಾಫ್ಟ್ ತುದಿಗೇ ದೊಡ್ಡ ಸುತ್ತಿಗೆಯಲ್ಲಿ ಹೊಡೆದು ತೆಗೀತಾರಲ್ಲ?

ಉತ್ತರ: ತೆಗೀತಾರೆ, ಗೊತ್ತು. ಆ ಏಟು ಸೀದಾ ಬಾಕ್ಸ್ ಒಳಗೆ ಹೋಗುತ್ತದೆ. ಅಡ್ಜಸ್ಟಿಂಗ್ ಸ್ಕ್ರೂ, ಸೈಡ್ ಕವರ್, ಬೇರಿಂಗ್ ಎಲ್ಲಕ್ಕೂ ಪೆಟ್ಟು. ಶಾಫ್ಟ್ ತುದಿಯ ಮರೆ (ನಟ್ ಹತ್ತುವ ಸುರುಳಿ ಗೆರೆ) ಚಪ್ಪಟೆಯಾದರೆ ನಟ್ ಕೂಡ ಹತ್ತೋದಿಲ್ಲ. ಸೀಲ್ ಹಾಕೋಕೆ ಹೋಗಿ ಬಾಕ್ಸನ್ನೇ ಬಿಚ್ಚಿ ಕಟ್ಟೋ ಕೆಲಸ ಬರುತ್ತದೆ. ಬಾಕ್ಸಿಗೂ ಆರ್ಮಿಗೂ ನಡುವೆ ಚಾಣ ತೂರಿಸಿ ಮೀಟೋದೂ ಅಷ್ಟೇ ಕೆಟ್ಟದ್ದು, ಸೀಲ್ ಕೂರುವ ಜಾಗಕ್ಕೇ ಗಾಯ ಆಗುತ್ತದೆ.

ಪ್ರಶ್ನೆ (ಗಾಡಿ ಮಾಲೀಕ): ಇಷ್ಟಾದರೂ ಬರದಿದ್ದರೆ ಅಣ್ಣಾ?

ಉತ್ತರ: ಆರ್ಮ್ ಆಸೆ ಬಿಡಿ. ಹೊಸ ಆರ್ಮ್ ಕೈಯಲ್ಲಿ ಇಟ್ಟುಕೊಂಡು, ಹಳೆಯದರ ಕಣ್ಣನ್ನು ಗ್ರೈಂಡರ್‌ನಲ್ಲಿ ಉದ್ದಕ್ಕೆ ಸೀಳಿ. ಶಾಫ್ಟ್‌ನ ಹಲ್ಲಿಗೆ ತಾಗದ ಹಾಗೆ ತೆಳ್ಳಗೆ ಒಂದು ಪದರ ಉಳಿಸಿ, ಆ ಸೀಳಿಗೆ ಚಾಣ ಇಟ್ಟು ಹೊಡೆದರೆ ಕಣ್ಣು ಬಾಯಿ ಬಿಡುತ್ತದೆ. ಕನ್ನಡಕ ಹಾಕದೆ ಗ್ರೈಂಡರ್ ಹಿಡಿಯಬೇಡಿ. ಶಾಫ್ಟ್ ಹಾಳಾದರೆ ಖರ್ಚು ಎಲ್ಲಿಗೋ ಹೋಗುತ್ತದೆ, ಅದರ ಮುಂದೆ ಆರ್ಮ್ ಬೆಲೆ ಏನೂ ಅಲ್ಲ.

ಪ್ರಶ್ನೆ (ಗಾಡಿ ಮಾಲೀಕ): ಬಂತು ಅಣ್ಣಾ! ಪುಲ್ಲರ್ ಹಿರಿಯೂರಿನಿಂದ ತಂದೆವು. ಎರಡು ಸುತ್ತಿಗೆಯ ಏಟಿಗೇ ಬಿಟ್ಟಿತು. ಆದರೆ ಪಂಚ್ ಗುರುತು ಉಜ್ಜಿಹೋಗಿ ಸರಿಯಾಗಿ ಕಾಣ್ತಿಲ್ಲ. ಅಂದಾಜಿನಲ್ಲಿ ಕೂರಿಸಲಾ?

ಉತ್ತರ: ಅಂದಾಜು ಬೇಡ. ಸ್ಟೇರಿಂಗನ್ನು ಒಂದು ಕಡೆ ಕೊನೆಯವರೆಗೆ ಮೆಲ್ಲಗೆ ತಿರುಗಿಸಿ. ಅಲ್ಲಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ಅಂತ ಎಣಿಸಿ, ಸರಿಯಾಗಿ ಅರ್ಧಕ್ಕೆ ವಾಪಸ್ ತನ್ನಿ. ಅದೇ ಬಾಕ್ಸಿನ ಸೆಂಟರ್. ಚಕ್ರ ನೇರ ಇಟ್ಟು, ಡ್ರ್ಯಾಗ್ ಲಿಂಕಿಗೆ ಹೊಂದುವ ಹಲ್ಲಿನಲ್ಲಿ ಆರ್ಮ್ ಕೂರಿಸಿ. ಒಂದು ಹಲ್ಲು ತಪ್ಪಿದರೂ ಗಾಡಿ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ. ಲಾಕ್ ವಾಷರ್ ಹೊಸದೇ ಹಾಕಿ, ನಟ್ಟನ್ನು ಬಿಗಿ ಅಳೆಯುವ ಟಾರ್ಕ್ ಪಾನಾದಲ್ಲಿ ಕಂಪನಿ ಹೇಳಿದಷ್ಟು ಬಿಗಿ ಮಾಡಿಸಿ. ಒಂದೆರಡು ಟ್ರಿಪ್ ಹೊಡೆದ ಮೇಲೆ ಗಾಡಿ ಕೆಳಗೆ ಹೋಗಿ ನಟ್ ಇನ್ನೊಮ್ಮೆ ನೋಡಿ.