ಸಮರೂಪ ತ್ರಿಭುಜ: ಯಾವ ಪರಿವರ್ತನೆ ಅಂತ ಗುರುತಿಸೋದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ): ಎ(1,1), ಬಿ(4,1), ಸಿ(1,3) ತ್ರಿಭುಜ ಪಿ(-2,2), ಕ್ಯೂ(-2,8), ಆರ್(-6,2) ಆಗಿದೆ. ನಡುವೆ ಏನೇನು ನಡೆದಿದೆ? ಮಕ್ಕಳಿಗೆ ಹೇಳಿಕೊಡೋಕೆ ಒಂದು ಕ್ರಮ ಬೇಕು.

ಉತ್ತರ (ಸಾಗರ): ಮೊದಲು ಬಾಹು ನೋಡಿ ಸಾರ್. ಎಬಿ 3, ಪಿಕ್ಯೂ 6; ಎಸಿ 2, ಪಿಆರ್ 4. ಅನುಪಾತ 2, ನಡುವಿನ ಕೋನ ಎರಡರಲ್ಲೂ 90 ಡಿಗ್ರಿ. ಹಾಗಾಗಿ ಎರಡೂ ಸಮರೂಪ, ಅಂದರೆ ಆಕಾರ ಒಂದೇ, ಅಳತೆ ಬೇರೆ. ಆಮೇಲೆ ಸುತ್ತುವ ದಿಕ್ಕು: ಎ-ಬಿ-ಸಿ ಅಪ್ರದಕ್ಷಿಣ, ಪಿ-ಕ್ಯೂ-ಆರ್ ಕೂಡ ಹಾಗೇ. ತುಂಗೆಯ ನೀರಿನ ಬಿಂಬದಂತೆ ಪ್ರತಿಫಲನ ಆಗಿದ್ದರೆ ಈ ದಿಕ್ಕು ಉಲ್ಟಾ ಆಗ್ತಿತ್ತು. ಬಲಕ್ಕಿದ್ದ ಎಬಿ, ಪಿಕ್ಯೂ ಆಗಿ ಮೇಲಕ್ಕೆ ನಿಂತಿದೆ. ಅಂದರೆ 90 ಡಿಗ್ರಿ ಅಪ್ರದಕ್ಷಿಣ ತಿರುವು. (ಎಕ್ಸ್, ವೈ) ಇದ್ದದ್ದು (-ವೈ, ಎಕ್ಸ್) ಆಗುತ್ತೆ, ನಂತರ 2ರಿಂದ ಗುಣಿಸಿ. ಬಿ(4,1) → (-1,4) → (-2,8). ಉಳಿದೆರಡು ಬಿಂದುವನ್ನೂ ಪರೀಕ್ಷಿಸಿ, ಒಂದೇ ಬಿಂದು ನಂಬಬೇಡಿ.

ಉತ್ತರ (ಶಿವಮೊಗ್ಗ): ಮಕ್ಕಳು ಎಡವೋದು ಕೇಂದ್ರದಲ್ಲಿ, ಅಂದರೆ ಯಾವ ಬಿಂದುವಿನಿಂದ ಹಿಗ್ಗಿಸ್ತೀವಿ, ಯಾವುದರ ಸುತ್ತ ತಿರುಗಿಸ್ತೀವಿ ಅನ್ನೋದರಲ್ಲಿ. ಮೇಲಿನ ಉತ್ತರದಲ್ಲಿ ಎರಡಕ್ಕೂ ಕೇಂದ್ರ ಮೂಲಬಿಂದು (0,0). ಅದನ್ನು ಬಿಟ್ಟು ಎ ಬಿಂದುವಿನಿಂದ ಹಿಗ್ಗಿಸಿದರೆ (1,1), (7,1), (1,5) ಬರುತ್ತೆ. ಮೂಲಬಿಂದುವಿನ ಸುತ್ತ ತಿರುಗಿಸಿದ ಮೇಲೆ (-1,1), (-1,7), (-5,1). ಇನ್ನೂ 1 ಎಡಕ್ಕೆ, 1 ಮೇಲಕ್ಕೆ ಸರಿಸಬೇಕು.

ಪ್ರಶ್ನಿಸಿದವರು: ಹಾಗಾದರೆ ಎರಡೂ ಸರಿಯಾ?

ಉತ್ತರ (ಶಿವಮೊಗ್ಗ): ಎರಡೂ ಸರಿ, ಕೇಂದ್ರ ಬರೆದಿದ್ದರೆ. ಬರೀ "2 ಪಟ್ಟು" ಅಂದರೆ ಉತ್ತರ ಅರ್ಧವೇ. ಅಂದ ಹಾಗೆ ವಿಸ್ತೀರ್ಣ 2 ಪಟ್ಟಲ್ಲ, 4 ಪಟ್ಟು: 3 ಇದ್ದದ್ದು 12.